ಚೆಂಡುಹೂವಿನ ಚೌಕಟ್ಟು

ಕಮಲಾಪುರದಲ್ಲಿ ನನ್ನ ಅಕ್ಕ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಮೊಣಕಾಲು ಹಿಡಿದುಕೊಂಡ ಮೇಲೆ ಬುಟ್ಟಿ ಹೊತ್ತು ಬಸ್ಸು ಹತ್ತಿ ಕಲಬುರಗಿಗೆ ಬರುವುದು ಅವಳಿಂದಾಗಲಿಲ್ಲ. ಗಿರಾಕಿಗಳು ಫೋನಿನಲ್ಲೇ ಸಿಗದಿದ್ದರೆ ವ್ಯಾಪಾರ ನಿಂತ ಹಾಗೆಯೇ. ಅದಕ್ಕೇ ಕಲಬುರಗಿಯಲ್ಲಿರುವ ನಾನು ಆಫೀಸು ಮುಗಿಸಿ, ಜೇವರ್ಗಿ ಕಾಲೋನಿಯ ಮನೆಗೆ ಹೋಗದೆ, ಐವಾನ್-ಎ-ಶಾಹಿ ಬಡಾವಣೆಯ ಒಂದು ಕ್ಲಾಸಿನಲ್ಲಿ ಕೂರತೊಡಗಿದೆ. ಸ್ಟೇಟಸ್ಸು, ಗ್ರೂಪು, ರೀಲ್ಸುಗಳಲ್ಲಿ ಸರಕು ಮಾರುವ ಪಾಠ. ಕೂತಲ್ಲೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಕಲಿಸುವವರ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು: “ಸಾಮಾನು ಆಮ್ಯಾಲೆ ತೋರಿಸ್ರಿ. ಮೊದಲ ಮಾಡೋರ ಮುಖ ತೋರಿಸ್ರಿ.”

ಭಾನುವಾರ ಕಮಲಾಪುರಕ್ಕೆ ಹೋಗಿ, ಅಕ್ಕನ ಪಕ್ಕ ಕೂತು ಪೋಸ್ಟರ್ ಮಾಡಿದೆ. ತಲೆತುಂಬ ಸೆರಗು ಹೊದ್ದು ನೆಟ್ಟಗೆ ನೋಡುವ ಫೋಟೊ ಅವಳೇ ಆರಿಸಿದ್ದು. ಆ್ಯಪಿನಲ್ಲಿದ್ದ ಚೌಕಟ್ಟುಗಳಲ್ಲಿ ಚೆಂಡುಹೂವಿನದರ ಮೇಲೆ ಬೆರಳಿಟ್ಟು, “ಇದು ಚೆಂದ ಅದ” ಎಂದಳು. ರೊಟ್ಟಿಯ ವಿಷಯ ಕೆಳಗೆ ಸಣ್ಣ ಅಕ್ಷರದಲ್ಲಿ ಬಂತು. ಎಲ್ಲ ಗ್ರೂಪುಗಳಿಗೂ ಹಾಕಿ, ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದೆ.

ನಮ್ಮ ಕಡೆ ಈಗ ಸಾವಿನ ಸುದ್ದಿ ಹೀಗೇ ಬರುತ್ತದೆ, ಹೂವಿನ ಚೌಕಟ್ಟಿನಲ್ಲಿ ಒಂದು ಮುಖ. ಇಬ್ಬರಿಗೂ ಅದು ಹೊಳೆಯಲಿಲ್ಲ.

ಮೊದಲು ಬಂದವಳು ಅಕ್ಕನ ನಾದಿನಿ. “ವೈನೀ, ನಮ್ಮನ್ನ ಬಿಟ್ಟು ಹೋದೆಲ್ಲಾ!” ಎಂದು ಅಳುತ್ತ ಒಳಗೆ ಬಂದವಳು, ಒಲೆಯ ಮುಂದೆ ಕೂತಿದ್ದ ಅಕ್ಕನನ್ನು ಕಂಡು ಗೋಡೆ ಹಿಡಿದು ನಿಂತಳು. ಕೈಯಲ್ಲಿ ಬುತ್ತಿಗಂಟಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂದವರೇ ರೊಟ್ಟಿ ತರುತ್ತಾರೆ. ಸಂಜೆಯ ಹೊತ್ತಿಗೆ ರೊಟ್ಟಿ ಮಾರುವವಳ ಪಡಸಾಲೆಯ ತುಂಬ ಊರವರ ರೊಟ್ಟಿ.

ಪೋಸ್ಟರ್ ಅಳಿಸಿದರೂ ಫೋನಿಗೆ ಕೈಮುಗಿದ ಚಿತ್ರಗಳು ಬರುತ್ತಲೇ ಇದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ “ಇಲ್ರೀ, ಆರಾಮ ಅದಾಳ” ಎಂದೆ. ಪ್ರತಿ ಸಲವೂ ತಿರುಗಿ ಅವಳನ್ನು ನೋಡಿಯೇ ಹೇಳುತ್ತಿದ್ದೆ.

ಅಕ್ಕ ಒಂದು ಗಂಟು ಬಿಚ್ಚಿದಳು. “ಇವು ಯಾರು ಬಡದ ರೊಟ್ಟಿ? ಅಂಚೆಲ್ಲ ಸೀಳ್ಯಾವ.”

ನಾದಿನಿ ಮೂಗು ಒರೆಸಿಕೊಂಡಳು. “ನೀ ಸತ್ತೀದಿ ಅಂತ ಅಳಕೋತ ಬಡದೀನಿ. ಅಂಚು ಯಾರು ನೋಡ್ತಾರ?”

“ನಾ ನೋಡ್ತೀನಿ.”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ, “ಸಾಕಕ್ಕ, ಕ್ಲಾಸ್ ಬಿಡ್ತೀನಿ” ಎಂದೆ. ಅವಳು ಮೊಣಕಾಲು ತಿಕ್ಕಿಕೊಂಡಳು.

“ಬಿಟ್ರ ರೊಟ್ಟಿ ಯಾರು ಒಯ್ತಾರ? ಮುಖ ಬ್ಯಾಡ. ನನ್ನ ಕೈ ವಿಡಿಯೊ ತಗಿ. ಬಡಿಯೋದು ಕಂಡ್ರ ಇನ್ನಾ ಅದಾಳ ಅಂತ ತಿಳೀತದ.”

ಹಿಟ್ಟು ನಾದಿ ಬಡಿಯತೊಡಗಿದಳು. ಅಂಗೈ ಕೆಳಗೆ ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. ಫೋನಿನಲ್ಲಿ ಚಿತ್ರ ಅಲುಗಾಡಿತು.

“ನೆಟ್ಟಗ ಹಿಡಿ” ಎಂದಳು, ತಲೆ ಎತ್ತದೆ.

ಮೊಣಕೈಗಳನ್ನು ಮಂಡಿಗೆ ಊರಿ, ಮತ್ತೆ ಹಿಡಿದೆ.