ಹೊಲಿಯಬಾರದ ಬಟ್ಟೆ

ಭಾನುವಾರ ಚರ್ಚಿನ ಆರಾಧನೆಯಲ್ಲಿ ನೀನು ಸಾಕ್ಷಿ ಹೇಳಬೇಕು ಅಂತ ನಮ್ಮ ಸಭೆಯ ಹಿರಿಯರೊಬ್ಬರು ಹಾನಗಲ್ಲಿನಿಂದ ಹೇಳಿ ಕಳಿಸಿದಾಗಲೇ ನನಗೆ ಮೈ ಉರಿದಿತ್ತು. ಹಿರೇಕೆರೂರಿನಲ್ಲಿ ಒಂದು ಮಕ್ಕಳ ಮನೆ ತೆರೆಯುವುದೆಂದು ಅವರು ನಿರ್ಧಾರ ಮಾಡಿಬಿಟ್ಟಿದ್ದರು. ಹೊರದೇಶದ ಯಾರೋ ಪುಣ್ಯಾತ್ಮರು ದುಡ್ಡು ಕಳಿಸುತ್ತಾರಂತೆ. ಮೊದಲು ಸೇರಿಸುವ ಮಗುವನ್ನೂ ಹುಡುಕಿಟ್ಟಿದ್ದರು. ಅಕ್ಕಿಆಲೂರಿನಲ್ಲಿ ನನ್ನ ಟೇಲರಿಂಗ್ ಅಂಗಡಿಯ ಹಿಂದಿನ ಓಣಿಯ ಹುಡುಗಿ, ಎರಡನೇ ಕ್ಲಾಸು. ಅಪ್ಪ ತೀರಿಕೊಂಡಿದ್ದಾನೆ, ನಿಜ. ಅವ್ವ ಮಾತ್ರ ಗಟ್ಟಿಮುಟ್ಟಾಗಿದ್ದಾಳೆ, ರೈಸ್ ಮಿಲ್ಲಿನಲ್ಲಿ ದುಡಿಯುತ್ತಾಳೆ. ಆದರೂ ಹಿರಿಯರ ಬಾಯಲ್ಲಿ ಆ ಮಗು ಆಗಲೇ ನಮ್ಮ ಮೊದಲನೇ ಅನಾಥೆ ಆಗಿಹೋಗಿದ್ದಳು.

ನಾನು ಕೆನ್ಯಾದಲ್ಲಿ ಮಕ್ಕಳ ಸೇವೆ ಮಾಡಿ ಬಂದವಳು. ದೇವರು ನನ್ನನ್ನು ಅಲ್ಲಿ ಹೇಗೆ ಬಳಸಿಕೊಂಡ ಎಂದು ಎದ್ದು ನಿಂತು ನಾಲ್ಕು ಮಾತು ಹೇಳಿದರೆ ಜನರ ಮನಸ್ಸು ಕರಗುತ್ತದೆ ಎಂಬುದು ಅವರ ಲೆಕ್ಕಾಚಾರ. ದೇವರು ಬಳಸಿಕೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ. ಮನುಷ್ಯರಂತೂ ಚೆನ್ನಾಗಿ ಬಳಸಿಕೊಂಡರು.

ಹೋಗುವಾಗ ನನ್ನದು ಬಲು ಮೆತ್ತಗಿನ ಭಕ್ತಿ. ಊಟಕ್ಕೆ ಮುಂಚೆ ಸ್ತೋತ್ರ, ಮಲಗುವಾಗ ಸ್ತೋತ್ರ, ಬಸ್ಸಿನಲ್ಲಿ ಸೀಟು ಸಿಕ್ಕರೂ ಸ್ತೋತ್ರ. ಅಲ್ಲಿನ ಮಕ್ಕಳ ಮನೆಯೊಂದರ ದೊಡ್ಡ ಹುಡುಗಿಯರಿಗೆ ಹೊಲಿಗೆ ಕಲಿಸುವವರು ಬೇಕಾಗಿದ್ದಾರೆ, ಸಂಬಳವಿಲ್ಲ, ಊಟ ವಸತಿ ಉಂಟು ಎಂದು ಕೇಳಿದ್ದೇ ಅಂಗಡಿಯನ್ನು ತಂಗಿಗೆ ಒಪ್ಪಿಸಿ ಹೊರಟುಬಿಟ್ಟೆ. ಕೆಂಪು ಮಣ್ಣು, ಎತ್ತ ನೋಡಿದರೂ ಗೋವಿನಜೋಳ. ಮೊದಮೊದಲು ತವರಿಗೆ ಬಂದ ಹಾಗೇ ಅನಿಸಿತ್ತು.

ಮಕ್ಕಳ ಬಟ್ಟೆಯ ಕಪಾಟು ನನ್ನ ಸುಪರ್ದಿಗೆ ಬಂತು. ಕೆಳಗಿನ ಖಾನೆಯಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಹರಿದ ಫ್ರಾಕುಗಳು, ಗುಂಡಿ ಕಿತ್ತ ಅಂಗಿಗಳು, ಎಲ್ಲವೂ ಒಗೆದು ಮಡಿಸಿಟ್ಟಂಥವು. ಹರಿದದ್ದು ಕಂಡರೆ ಟೇಲರ್ ಕೈ ಸುಮ್ಮನಿರುತ್ತದೆಯೇ? ಕೂತು ಅಷ್ಟನ್ನೂ ಹೊಲಿದೆ, ಗುಂಡಿ ಹಚ್ಚಿದೆ, ತೇಪೆ ಹೊರಗೆ ಕಾಣದ ಹಾಗೆ ಒಳಗಿನಿಂದ ಹಾಕಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ.

ಶನಿವಾರ ಹೊರದೇಶದ ಅತಿಥಿಗಳು ಬರುವವರಿದ್ದರು. ಮನೆಯ ಮೇಲ್ವಿಚಾರಕಿ ಗಂಟು ಬಿಚ್ಚಿದವಳೇ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದಳು. ಇವು ಅತಿಥಿಗಳು ಬಂದಾಗ ಮಕ್ಕಳಿಗೆ ಹಾಕುವ ಬಟ್ಟೆ, ಇವನ್ನು ಹೊಲಿಯಬಾರದು ಎಂದಳು. ಆಮೇಲೆ ಒಂದು ಬ್ಲೇಡು ತಂದು, ನಾನು ಹಾಕಿದ ಹೊಲಿಗೆಯನ್ನು ನನ್ನ ಕಣ್ಣೆದುರಿಗೇ ಒಂದೊಂದಾಗಿ ಬಿಚ್ಚಿದಳು. ಮಕ್ಕಳು ಮೈಮೇಲಿದ್ದ ಒಳ್ಳೆಯ ಬಟ್ಟೆ ಕಳಚಿ, ಹರಿದದ್ದನ್ನು ತೊಟ್ಟು ಸಾಲಾಗಿ ನಿಂತರು. ಅವರಿಗೆ ಅದು ರೂಢಿಯಾಗಿತ್ತು.

ಆ ಸಾಲಿನಲ್ಲಿ ಆರು ವರ್ಷದ ಒಬ್ಬ ಹುಡುಗಿಯಿದ್ದಳು. ಅವಳ ತಾಯಿ ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ, ಕೆಂಡದ ಮೇಲೆ ಗೋವಿನಜೋಳದ ತೆನೆ ಸುಟ್ಟು ಮಾರುತ್ತಿದ್ದಳು. ಬಿಡುವಾದಾಗ ನಾನು ಹೋಗಿ ಅವಳ ಪಕ್ಕ ಕೂತು ತೆನೆ ಸುಲಿದುಕೊಡುತ್ತಿದ್ದೆ. ಅವಳ ಮಾತು ನನಗೆ ಅಷ್ಟಕ್ಕಷ್ಟೇ, ನನ್ನದು ಅವಳಿಗೆ ಏನೇನೂ ಇಲ್ಲ. ಆದರೂ ಮಗಳಿಗೆ ಓದು ಸಿಗಲಿ ಎಂದು ಅಲ್ಲಿ ಬಿಟ್ಟಿದ್ದಾಳೆಂದು ಅರ್ಥವಾಗಿತ್ತು. ಅತಿಥಿಗಳು ಬಂದ ದಿನ ಅವಳು ಗೇಟಿನ ಹತ್ತಿರ ಸುಳಿಯುವಂತಿರಲಿಲ್ಲ.

ಮಕ್ಕಳು ಹಾಡಿದರು. ತಂದೆ ತಾಯಿ ಇಲ್ಲದ ನಮಗೆ ಯೇಸುವೇ ದಿಕ್ಕು ಎಂಬ ಅರ್ಥದ ಹಾಡು. ಆ ಹುಡುಗಿ ಹಾಡುತ್ತ ಹಾಡುತ್ತಲೇ ರಸ್ತೆಯ ಕಡೆ ನೋಡುತ್ತಿದ್ದಳು. ಅತಿಥಿಗಳು ಕಣ್ಣೊರೆಸಿಕೊಂಡರು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡರು. ಆಮೇಲೆ ಅವರಲ್ಲೇ ಇಬ್ಬರು ಹಸಿವಾಯಿತೆಂದು ರಸ್ತೆ ದಾಟಿ, ಅವಳ ತಾಯಿಯ ಹತ್ತಿರವೇ ತೆನೆ ಕೊಂಡು ತಿಂದರು.

ಅವತ್ತು ನನ್ನ ಬಾಯಿಂದ ಸ್ತೋತ್ರ ಹೊರಡಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ದೇವರನ್ನು ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಹೆಸರು ಹೇಳಿಕೊಂಡು ಬದುಕಿರುವ ತಾಯಿಯನ್ನು ಸಾಯಿಸುತ್ತಾರೆ, ನೀನು ಹಾಡು ಕೇಳುತ್ತ ಕೂತಿದ್ದೀಯಾ ಎಂದೆ. ನಿನ್ನ ಮಗನಿಗೂ ಒಬ್ಬ ಅವ್ವ ಇದ್ದಳು, ಅವಳನ್ನು ಯಾರಾದರೂ ರಸ್ತೆಯ ಆಚೆ ನಿಲ್ಲಿಸಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಬೈದು ಬೈದು ಸುಸ್ತಾದ ಮೇಲೆ ತಿಳಿಯಿತು, ಹುಟ್ಟಿದಾಗಿನಿಂದ ಪ್ರಾರ್ಥನೆ ಮಾಡಿದವಳು ಅವನ ಜೊತೆ ನಿಜವಾಗಿ ಮಾತಾಡಿದ್ದು ಅದೇ ಮೊದಲು. ನನ್ನ ನಂಬಿಕೆ ಹೋಗಲಿಲ್ಲ. ಅದರ ಮೆತ್ತಗಿನ ಭಾಗ ಹೋಯಿತು, ಅಷ್ಟೇ. ಮರುದಿನ ಮೇಲ್ವಿಚಾರಕಿಗೆ ಮುಖದ ಮೇಲೆ ಹೊಡೆದ ಹಾಗೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ದಿನಕ್ಕೇ ನಿನ್ನ ಸೇವೆ ಸಾಕು ಎಂದು ಟಿಕೆಟ್ ಕೈಗಿಟ್ಟರು. ಆ ಮಗು ಅಲ್ಲೇ ಉಳಿಯಿತು. ಈ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ.

ಈಗ ನಮ್ಮಲ್ಲೂ ಅದೇ ಶುರುವಾಗಿತ್ತು. ಭಾನುವಾರಕ್ಕೆ ಮುಂಚೆ ನಮ್ಮ ಹಿಂದಿನ ಓಣಿಯ ಹುಡುಗಿಯ ಅವ್ವನನ್ನು ಕಂಡು, ಮಗಳನ್ನು ಕಳಿಸಲು ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ಮಿಲ್ಲಿನಿಂದ ಬರೂದ್ರಾಗ ಕತ್ತಲಾಗ್ತೈತಿ ಅಕ್ಕಾ. ಅಲ್ಲೀತನಕ ಆಕಿನ್ನ ಯಾರ ನೋಡ್ಕೋಬೇಕು?" ಎಂದಳು. ಹಾಸ್ಟೆಲ್ ಅಂತ ಮಾತ್ರ ಅವಳಿಗೆ ಹೇಳಿದ್ದರು. ಅನಾಥೆ ಎಂಬ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ.

ಭಾನುವಾರ ಹಾನಗಲ್ಲಿನ ಚರ್ಚಿನಲ್ಲಿ ಮಗುವನ್ನು ಮುಂದಿನ ಬೆಂಚಿನಲ್ಲೂ ತಾಯಿಯನ್ನು ಕೊನೆಯ ಬೆಂಚಿನಲ್ಲೂ ಕೂರಿಸಿದ್ದರು. ನಾನು ಎದ್ದು, ಆ ಗಂಟಿನ ಕತೆ ಹೇಳಿದೆ, ಬ್ಲೇಡಿನ ಕತೆ ಹೇಳಿದೆ, ಹಾಡಿನ ಕತೆ ಹೇಳಿದೆ, ನಮ್ಮಲ್ಲಿಗೂ ಹೊರದೇಶದಿಂದ ಬರಲಿರುವ ದುಡ್ಡಿನ ಮಾತೂ ಹೇಳಿದೆ. ಸ್ತೋತ್ರ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

"ಈ ಹುಡುಗಿ ಅನಾಥಿ ಅಲ್ರಿ," ಎಂದೆ. "ಆಕಿ ಅವ್ವ ಹಿಂದಿನ ಬೆಂಚಿನ್ಯಾಗ ಕುಂತಾಳ. ಎಲ್ಲಾರೂ ಹೊಳ್ಳಿ ನೋಡ್ರಿ."

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಹಿರಿಯರು ಮೃದುವಾಗಿಯೇ, ಇದು ಸಾಕ್ಷಿ ಅಲ್ಲ, ಕೂತುಕೋ ತಂಗಿ ಎಂದರು. ನಾನು ಕೂರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಆ ಅವ್ವನೇ ಎದ್ದು ನಿಂತಳು.

"ಹೊರಗಿಂದ ಬರೂ ರೊಕ್ಕ ನನ್ನ ಮಗಳ ಸಲುವಾಗಿ ಅಲ್ರಿ? ಆಕಿ ನನ್ನ ಮನ್ಯಾಗ ಇದ್ರ ಯಾಕ ಕೊಡಂಗಿಲ್ಲ?"

ನಮ್ಮ ಹಿರಿಯರು ಕೆಟ್ಟವರಲ್ಲ. ಸುಳ್ಳು ಹೇಳುವುದು ಅವರಿಗೆ ಒಗ್ಗುವುದಿಲ್ಲ, ಆದ್ದರಿಂದ ನಿಜವನ್ನೇ ಹೇಳಿಬಿಟ್ಟರು.

"ಅವ್ವ ಇರೂ ಕೂಸಿನ ಫೋಟೋ ಕಳಿಸಿದ್ರ ಯಾರ್ ಕೊಡ್ತಾರವಾ?"

ಅವಳು ಮುಂದಿನ ಬೆಂಚಿನವರೆಗೆ ನಡೆದು ಬಂದು, ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. "ನಾ ಇನ್ನೂ ಸತ್ತಿಲ್ರಿ," ಎಂದು ಹೊರಗೆ ಹೋದಳು. ಆರಾಧನೆ ಮುಗಿಸುವ ಆಶೀರ್ವಾದದ ಪ್ರಾರ್ಥನೆ ಇನ್ನೂ ಆಗಿರಲಿಲ್ಲ. ನಾನೂ ಹಿಂದೆಯೇ ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕಿಆಲೂರಿನ ಬಸ್ಸಿಗೆ ಕಾಯುತ್ತ, ನಾಳೆಯಿಂದ ಸಾಲಿ ಬಿಟ್ಟ ಮೇಲೆ ಮಗಳು ನನ್ನ ಅಂಗಡಿಯಲ್ಲಿರಲಿ, ನೀನು ಬರುವ ತನಕ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಮತ್ತ ಸೇವಾ ಅಂತ ಎಲ್ಲ್ಯರೆ ಹೋಗಿಬಿಡ್ತೀ ಏನ್ ಅಕ್ಕಾ? ಹೋಗೂದಿದ್ರ ಈಗ ಹೇಳು. ಕೂಸು ನಿನ್ನ ಹಚ್ಕೊಂಡಮ್ಯಾಲ ಬ್ಯಾಡ."

ಹೋಗುವುದಿಲ್ಲ ಎಂದೆ. ಬಸ್ಸು ಬಂದು ನಿಂತರೂ ಅವಳು ಮಗಳ ಕೈ ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.