ಸಾರಿಸಿದ ನೆಲ

ನನ್ನ ಗಂಡನ ಅಕ್ಕ ತಂಗೆವ್ವ ತನ್ನ ಗಂಡನನ್ನು ಕೊಂದದ್ದು ನಿಜ. ಅದನ್ನು ಅವಳು ಒಂದು ದಿನವೂ ಅಲ್ಲಗಳೆಯಲಿಲ್ಲ. ಸಾಂಗ್ಲಿಯ ಕೋರ್ಟು ತೀರ್ಮಾನಿಸಬೇಕಿದ್ದದ್ದು ಒಂದೇ: ಅದು ಕೊಲೆಯೋ, ಮಗಳನ್ನು ಉಳಿಸಲು ಹೋಗಿ ಕೈಮೀರಿದ ಏಟೋ. ಕೊಲೆಯೆಂದರೆ ಜನ್ಮವಿಡೀ ಜೈಲು. ಇನ್ನೊಂದಾದರೆ ಏಳೆಂಟು ವರ್ಷ. ಮಗಳು ಛಾಯಾ ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ತಾಯಿ ಹೊರಗಿರುತ್ತಿದ್ದಳು.

ಸಲಗರೆ ಹಳ್ಳಿಯಲ್ಲಿ ತಂಗೆವ್ವನಿಗೆ ನಲವತ್ತು ಕುರಿ, ದೊಡ್ಡಿಗೆ ಅಂಟಿಕೊಂಡ ಮಣ್ಣಿನ ಮನೆ. ಮದುವೆಯಾಗಿ ನಾನು ಮೊದಲ ಸಲ ಹೋದಾಗ, “ಸಾಂಗ್ಲಿ ಪ್ಯಾಟಿ ವಿಶ್ರಾಮಬಾಗದಾಕಿ, ಫರಸಿ ಕಲ್ಲು ಒರಸಾಕಿ. ಸಗಣಿ ಮುಟ್ಟಿ ಗೊತ್ತೈತೇನು?” ಎಂದು ನಕ್ಕು ನನ್ನಿಂದ ಪಡಸಾಲೆ ಸಾರಿಸಿದ್ದಳು. ಮುಗಿದ ಮೇಲೆ ನೋಡಿ, ಮತ್ತೆ ತಾನೇ ಸಾರಿಸಿದಳು.

ಅವತ್ತು ಮಧ್ಯಾಹ್ನ ಆರು ವರ್ಷದ ಛಾಯಾ ದೊಡ್ಡಿಯ ಬಾಗಿಲು ಹಾಕುವುದನ್ನು ಮರೆತಳು. ನಾಯಿಗಳು ಎರಡು ಮರಿಗಳನ್ನು ಹರಿದುಹಾಕಿದವು. ತಂದೆ ಅಮಸಿದ್ದ ಬಂದು ನೋಡಿ, ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಪಡಸಾಲೆಯಲ್ಲಿದ್ದ ಮಗಳ ಹೆರಳಿಗೆ ಕೈಹಾಕಿದ. ತಂಗೆವ್ವ ಗೂಟ ಬಡಿಯುವ ಮರದ ಕೊಡತಿಯಿಂದ ಅವನ ತಲೆಗೆ ಎರಡು ಏಟು ಹಾಕಿದಳು. ಎರಡನೆಯದು, ಎದ್ದು ಬಂದಾನೆಂಬ ಅಂಜಿಕೆಗೆ.

ಆಮೇಲೆ ಸಾವಿನ ಮನೆಯಲ್ಲಿ ಹೆಂಗಸರು ಮಾಡುವುದನ್ನೇ ಮಾಡಿದಳು. ಹೆಣಕ್ಕೆ ನೀರು ಹಾಕಿ, ಧೋತರ ಬದಲಿಸಿ, ಗೋಡೆಗೆ ಆನಿಸಿ ಕೂರಿಸಿದಳು. ಅವನ ಮುಷ್ಟಿಯಿಂದ ಬಿಡಿಸಿದ ಕುಡುಗೋಲನ್ನು ತೊಳೆದು ಜಂತಿಗೆ ಸಿಕ್ಕಿಸಿದಳು. ನೆಲ ಸಾರಿಸಿದಳು. ಅಷ್ಟಾದ ಮೇಲೆ ಮಂದಿಯನ್ನು ಕರೆದಳು.

ಜೈಲಿನಲ್ಲಿ ಭೇಟಿಯಾದಾಗ ನಮ್ಮ ವಕೀಲ ಸುಭಾಷ ತಲೆ ಹಿಡಿದುಕೊಂಡರು. “ಆ ಕುಡಗೋಲು ನಿಮ್ಮ ಯಜಮಾನ್ರ ಕೈಯಾಗ ಇದ್ದಿದ್ರ ಪೊಲೀಸರು ಪಂಚನಾಮೆದಾಗ ಬರೀತಿದ್ರು, ಅಕ್ಕಾರ. ಅದೊಂದ ಸಾಕಿತ್ತು.”

“ಹೊಲಸ ಮನಿಯಾಗ ಹೆಣ ಇಟ್ಟು ಮಂದೀನ ಕರೀಬೇಕಿತ್ತೇನ್ರಿ? ನಿಮ್ಮ ಮನ್ಯಾಗ ಹಂಗ ಮಾಡ್ತಾರೇನು?”

“ಹಂಗ ಮಾಡಿದ್ರ ಒಂದಿನ ಮನೀಗಿ ಹೋಗ್ತಿದ್ರಿ.”

“ಹಂತಾ ಮನೀಗಿ ಹೋಗಿ ಏನ ಮಾಡ್ಲಿ,” ಎಂದಳು ತಂಗೆವ್ವ.

ಕಣ್ಣಾರೆ ಕಂಡವಳು ಛಾಯಾ ಒಬ್ಬಳೇ. ಸುಳ್ಳು ಹೇಳಬೇಡವೆಂದು ತಾಯಿಯೇ ನನ್ನ ಕೈಲಿ ಹೇಳಿಕಳಿಸಿದ್ದಳು. ಕೋರ್ಟಿನಲ್ಲಿ, ಅಪ್ಪ ಕುಡುಗೋಲು ಎತ್ತಿದ್ದನ್ನು ಹುಡುಗಿ ಚೆನ್ನಾಗಿಯೇ ಹೇಳಿದಳು. ಸರ್ಕಾರಿ ವಕೀಲರು ಮೆತ್ತಗೆ ಕೇಳಿದರು: ಅವ್ವ ಆಮೇಲೆ ಅಳುತ್ತಿದ್ದಳೇ?

“ಇಲ್ಲರಿ, ನೆಲ ಸಾರಸ್ತಿದ್ಲು. ನಾ ನೀರು ತಂದು ಕೊಟ್ನಿ.”

ಅಷ್ಟು ಸಾಕೆಂದು ಅವರು ಕೂತರು.

ಸೋಮವಾರ ತೀರ್ಪು ಬಂತು. ಸೋದರಮಾವನ ಮನೆಯಲ್ಲಿ ಬೆಳೆಯುತ್ತಿರುವ ಮಗು ಕಲಿಸಿದ್ದನ್ನು ಹೇಳಿರಬಹುದು. ಕುಡುಗೋಲಿಗೆ ಬೇರೆ ಪುರಾವೆಯಿಲ್ಲ. ನೆಲ ಸಾರಿಸುವಷ್ಟು ಸ್ಥಿಮಿತದಲ್ಲಿದ್ದವಳು ಅಂಜಿಕೆಯಲ್ಲಿ ಕೈಮೀರಿದಳೆಂದು ನಂಬಲಾಗದು. ಜೀವಾವಧಿ. ಸಾಕ್ಷ್ಯ ಅಳಿಸಿದ್ದಕ್ಕೆ ಬೇರೆ ಶಿಕ್ಷೆ. ಹೈಕೋರ್ಟಿಗೆ ಹೋಗೋಣ ಎಂದರು ಸುಭಾಷ, ನನ್ನ ಮುಖ ನೋಡದೆ.

ಪೊಲೀಸ್ ಗಾಡಿ ಹತ್ತುವಾಗ ತಂಗೆವ್ವ ನನಗೆ ಹೇಳಿದ್ದು ಇಷ್ಟು: “ಛಾಯಾನ ತಲಿಗೆ ಎಣ್ಣಿ ಹಚ್ಚಿ ಬಿಗಿಯಾಗಿ ಹೆರಳ ಹಾಕ. ಸಾಲ್ಯಾಗ ಹೇನ ಆಗ್ತಾವು.”

ಹಾಕುತ್ತಿದ್ದೇನೆ. ಇವತ್ತು ಬೆಳಿಗ್ಗೆ ನನ್ನ ಕೂಸು ಹಾಲಿನ ಬಟ್ಟಲು ಒದ್ದು ಚೆಲ್ಲಿತು. ಹೆರಳು ಅರ್ಧಕ್ಕೇ ಬಿಟ್ಟು ಅರಿವೆ ತೆಗೆದುಕೊಂಡು ಕೂತೆ. ಛಾಯಾ ನನ್ನ ಮಣಿಕಟ್ಟು ಹಿಡಿದಳು.

“ಒರಸಬ್ಯಾಡ್ರಿ ಮಾಮಿ. ಮೊದಲ ಯಾರರ ಬಂದು ನೋಡ್ಲಿ.”