ರೊಟ್ಟಿ ಬಡಿದಾಗ ಕುಣಿದ ಕಾರವಾನ್

ಇವತ್ತು ಕೆರೆದಂಡೆಯ ಕ್ಯಾಂಪ್‌ಸೈಟಿನಲ್ಲಿ ಪಕ್ಕದವರು ತಮ್ಮ ಗಾಲಿಮನೆಯ, ಅಂದರೆ ಕಾರವಾನಿನ, ಕಬ್ಬಿಣದ ಕಾಲು ಇಳಿಸುತ್ತಿದ್ದರು. ಹಿಡಿಕೆ ತಿರುವುವ ಕಿರ್ರೆಂಬ ಸದ್ದು ಕೇಳಿದ್ದೇ ತಡ, ನಾನು ಎಂಟು ವರ್ಷದವಳಾಗಿಬಿಟ್ಟೆ.

ಅಪ್ಪ ಆಗ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಸರ್ಜನ್. ಕತ್ತರಿ, ಸೂಜಿಗಳನ್ನು ಎರಡೆರಡು ಸಲ ಎಣಿಸುವವರು. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಅಂತೂ ರಜೆ ಸಿಕ್ಕಿ, ಬಾಡಿಗೆ ಕಾರವಾನನ್ನು ಕಾರಿಗೆ ಕಟ್ಟಿಕೊಂಡು ಇದೇ ಕೆರೆಗೆ ಬಂದಿದ್ದೆವು. ಬಾಗಲಕೋಟೆಯ ಅವ್ವ ಜೋಳದ ಹಿಟ್ಟಿಲ್ಲದೆ ಎಲ್ಲಿಗೂ ಹೊರಡುವವಳಲ್ಲ. ಮಡಚುವ ಮೇಜಿನ ಮೇಲೆ ರೊಟ್ಟಿ ಬಡಿಯತೊಡಗಿದಳು. ಇಡೀ ಕಾರವಾನ್ ಕುಣಿಯಿತು. ಚಹಾದ ಕಪ್ಪು ತಾನಾಗಿಯೇ ಮೇಜಿನ ಅಂಚಿಗೆ ನಡೆದುಹೋಯಿತು.

“ರೀ, ಗಾಡಿ ಯಾಕ ಅಲ್ಲಾಡಾಕತ್ತೈತಿ?”

“ಗಾಳಿ ಐತಿ. ನೀ ಬಡಿ,” ಎಂದರು ಅಪ್ಪ.

ಕಿಟಕಿಯಿಂದ ನೋಡಿದೆ. ಕೆರೆಯಲ್ಲಿ ಒಂದು ಅಲೆಯೂ ಇರಲಿಲ್ಲ.

ಪಕ್ಕದ ಕಾರವಾನಿನ ಮುದುಕ ಗಾಬರಿಯಾಗಿ ಓಡಿಬಂದ. “ಎವೆರಿಥಿಂಗ್ ಆಲ್‌ರೈಟ್, ಲವ್?” ಎಂದು ಅಲ್ಲಿಯವರ ರೂಢಿಯಂತೆ ಅವ್ವನನ್ನು ಕೇಳಿದವನೇ ಬಗ್ಗಿ ಗಾಡಿಯ ಕೆಳಗೆ ನೋಡಿ ನಗತೊಡಗಿದ. ಗಾಡಿ ಅಲ್ಲಾಡದಂತೆ ನೆಲಕ್ಕೆ ಊರುವ ನಾಲ್ಕು ಕಾಲುಗಳನ್ನೂ ಅಪ್ಪ ಇಳಿಸಲು ಮರೆತಿದ್ದರು! ಮುದುಕ ಹೊರಗೆ ಹಿಡಿಕೆ ತಿರುವಿದ, ಅವ್ವ ಒಳಗೆ ರೊಟ್ಟಿ ಬಡಿದು ಪರೀಕ್ಷಿಸಿದಳು. “ಇನ್ನೊಂದೀಟು ತಿರುವ್ರಿ!” ಎಂದು ಅವಳು ಕೂಗಿದ್ದನ್ನು ಅಪ್ಪ ನಡುವೆ ನಿಂತು ಇಂಗ್ಲಿಷಿಗೆ ತರ್ಜುಮೆ ಮಾಡಿದರು. ಕಪ್ಪು ಕದಲುವುದು ನಿಂತಿತು. ಮೊದಲ ಬಿಸಿರೊಟ್ಟಿ, ಶೇಂಗಾ ಹಿಂಡಿಯ ಸಮೇತ, ಮುದುಕನ ಪಾಲಾಯಿತು.

ಈಗಿನ ನಮ್ಮ ಗಾಡಿಯ ಕಾಲುಗಳು ಗುಂಡಿ ಒತ್ತಿದರೆ ತಾವೇ ಇಳಿಯುತ್ತವೆ. ನಾನು ತಂದಿರುವುದು ಬ್ರೆಡ್ಡು. ಆದರೂ ಚಹಾ ಇಟ್ಟು, ಬರಿಗೈಯಿಂದ ಮೇಜು ಬಡಿದೆ. ಕಪ್ಪು ಅಲ್ಲಾಡಲಿಲ್ಲ.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಕೆರೆ ನೋಡುತ್ತಲೇ ಹೇಳಿದರು: “ಅವತ್ತೂ ಗಾಳಿ ಇರ್ಲಿಲ್ಲ ಬಿಡವಾ.”